ಶಟರ್ ಸದ್ದಿಗೆ ಎದೆ ಝಲ್ಲೆಂದರೆ: ಉಗ್ರರ ದಾಳಿಯಿಂದ ಬದುಕಿ ಬಂದವರಿಗೆ, ಅವರ ಮನೆಯವರಿಗೆ, ಅವರಿಗೆ ಕೆಲಸ ಕೊಟ್ಟವರಿಗೆ

ದಾವಣಗೆರೆಯ ಮಂಡಿಪೇಟೆಯಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಅಂಗಡಿಗಳ ಶಟರ್‌ಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಊರಿನವರಿಗೆ ಅದು ಮನೆಗೆ ಹೊರಡುವ ಹೊತ್ತಿನ ಸದ್ದು. ಬಾಂಬ್ ಸ್ಫೋಟದಿಂದಲೋ ಗುಂಡಿನ ದಾಳಿಯಿಂದಲೋ ಬದುಕಿ ಬಂದವರಿಗೆ ಹಾಗಿರುವುದಿಲ್ಲ. ತಗಡು ನೆಲಕ್ಕೆ ಬಡಿದ ಕ್ಷಣ ಕೈಯಲ್ಲಿದ್ದ ಚೀಲ ಬಿದ್ದಿರುತ್ತದೆ, ಬೆನ್ನು ಗೋಡೆಗೆ ಒತ್ತಿರುತ್ತದೆ, ಏನಾಯಿತೆಂದು ತಿಳಿಯುವ ಮೊದಲೇ ಬಾಯಿ ಒಣಗಿರುತ್ತದೆ. ಆಮೇಲೆ ಸುತ್ತ ನಿಂತವರು ನೋಡುತ್ತಿದ್ದಾರೆಂಬ ನಾಚಿಕೆ.

ನಮ್ಮ ಕಡೆಯವರಿಗೆ ಇದು ದೂರದ ಮಾತಲ್ಲ. ಬೆಂಗಳೂರು ಹೆದ್ದಾರಿಯಲ್ಲಿ ನಾಲ್ಕೈದು ಗಂಟೆಯ ದಾರಿ. ಓದುವ, ದುಡಿಯುವ ಮಕ್ಕಳು ಅಲ್ಲಿದ್ದಾರೆ. 2008ರ ಜುಲೈ 25ರ ಸರಣಿ ಸ್ಫೋಟ, 2010ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಸ್ಫೋಟ, 2022ರ ನವೆಂಬರಿನಲ್ಲಿ ಮಂಗಳೂರಿನ ಆಟೊದಲ್ಲಿ ಸಿಡಿದ ಕುಕ್ಕರ್, 2024ರ ಮಾರ್ಚ್ 1ರಂದು ಬೆಂಗಳೂರಿನ ಕೆಫೆಯಲ್ಲಿ ಆದದ್ದು, 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನ ಸತ್ತದ್ದು, ಎಲ್ಲವೂ ನೆನಪಿನಲ್ಲಿವೆ. ಇಂಥ ಕಡೆ ಉಳಿದವರು ಅಲ್ಲೇ ಒಟ್ಟಿಗೆ ಇರುವುದಿಲ್ಲ, ತಂತಮ್ಮ ಊರಿಗೆ ಹೊರಟುಹೋಗುತ್ತಾರೆ. 2005ರ ಜುಲೈ 7ರ ಲಂಡನ್ ಸ್ಫೋಟಗಳಾದ ಮೇಲೆ ಅಲ್ಲಿನ ವೈದ್ಯರು ಇದನ್ನು ಅರಿತು, ಬದುಕುಳಿದವರು ತಾವಾಗಿ ಬರಲಿ ಎಂದು ಕಾಯದೆ ಒಬ್ಬೊಬ್ಬರನ್ನೇ ಹುಡುಕಿ ಪರೀಕ್ಷಿಸಿದರು. ಚನ್ನಗಿರಿಗೋ ಹೊಳಲ್ಕೆರೆಗೋ ಮರಳಿದವರನ್ನು ಹಾಗೆ ಹುಡುಕಿಕೊಂಡು ಯಾರಾದರೂ ಬರುತ್ತಾರೆಂದು ಕೂರುವಂತಿಲ್ಲ. ಆದ್ದರಿಂದ ಮನೆಯವರೇ ಮಾಡಬಹುದಾದ್ದನ್ನೂ, ವೈದ್ಯರ ಬಳಿಗೆ ಯಾವಾಗ ಹೋಗಬೇಕೆಂಬುದನ್ನೂ ಇಲ್ಲಿ ಬರೆದಿದ್ದೇವೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಬೆಚ್ಚಿಬೀಳುವುದು, ಕೆಟ್ಟ ಕನಸು, ಸುಮ್ಮಸುಮ್ಮನೆ ಸಿಟ್ಟು, ಕಲ್ಲಿನಂತೆ ಕೂತುಬಿಡುವುದು, ಇವು ತಲೆ ಕೆಟ್ಟದ್ದರ ಗುರುತಲ್ಲ. ಚಿತ್ರದುರ್ಗದ ಕೋಟೆಯ ಬತೇರಿಯ ಮೇಲೆ ನಿಂತ ಕಾವಲುಗಾರ ಒಮ್ಮೆ ವೈರಿಯನ್ನು ಕಂಡಿದ್ದಾನೆ. ಈಗ ದನದ ಹಿಂಡು ದೂಳೆಬ್ಬಿಸಿದರೂ ನಗಾರಿ ಬಾರಿಸುತ್ತಿದ್ದಾನೆ. ಬೈದರೆ ಅವನು ನಿಲ್ಲಿಸುವುದಿಲ್ಲ. ದನ ಬಂತು, ಹೋಯಿತು, ಏನೂ ಆಗಲಿಲ್ಲ ಎಂಬುದನ್ನು ಹತ್ತಾರು ಸಲ ಅವನ ಕಣ್ಣಿಗೆ ಕಾಣಿಸಬೇಕು. ಮುಂದೆ ಹೇಳುವ ಕ್ರಮಗಳೆಲ್ಲ ಈ ಒಂದು ಕೆಲಸಕ್ಕಾಗಿಯೇ ಇವೆ. ಬಹುಪಾಲು ಜನ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ.

ಮೊದಲ ದಿನಗಳು

ಮೈಮೇಲೆ ಗಾಯವಿಲ್ಲದಿದ್ದರೂ ಸ್ಫೋಟದ ಹತ್ತಿರ ಇದ್ದವರು ಕಿವಿ, ಮೂಗು, ಗಂಟಲಿನ ವೈದ್ಯರಿಗೆ ಕಿವಿ ತೋರಿಸಬೇಕು. ಸ್ಫೋಟದ ಒತ್ತಡಕ್ಕೆ ಮೊದಲು ಹರಿಯುವುದು ಕಿವಿಯ ತಮಟೆ. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಮಾತು ಅಸ್ಪಷ್ಟವಾಗಿ ಕೇಳುವುದು ಇದ್ದರೆ ಶ್ರವಣ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಿ. ‘ಕರೆದರೂ ಓಗೊಡಲ್ಲ, ಮಂಕು ಬಡಿದಂಗೆ ಕೂತಿರ್ತಾನೆ’ ಎಂದು ಮನೆಯವರು ದೂರುವಾಗ, ಎಷ್ಟೋ ಸಲ ಅವನಿಗೆ ನಿಜಕ್ಕೂ ಕೇಳಿಸಿರುವುದಿಲ್ಲ. ತಲೆಗೆ ಪೆಟ್ಟು ಬಿದ್ದಿದ್ದರೆ, ಸ್ವಲ್ಪ ಹೊತ್ತು ಪ್ರಜ್ಞೆ ತಪ್ಪಿದ್ದರೆ ಅದನ್ನೂ ಹೇಳಿ. ಮಿದುಳಿಗಾದ ಸಣ್ಣ ಪೆಟ್ಟಿನಿಂದಲೂ ಮರೆವು, ತಲೆನೋವು, ಸಿಡುಕು ಬರುತ್ತವೆ. ಅವು ಮನಸ್ಸಿಗಾದ ಆಘಾತದ ಲಕ್ಷಣಗಳ ಜೊತೆ ಬೆರೆತು ವೈದ್ಯರನ್ನೂ ದಾರಿ ತಪ್ಪಿಸುತ್ತವೆ.

ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ಕೊಡಬೇಡಿ. ಆಲ್ಪ್ರಜೋಲಾಮ್‌ನಂಥ ಮಾತ್ರೆಗಳನ್ನು ಆಘಾತದ ಲಕ್ಷಣಗಳಿಗಾಗಿ ಮೊದಲ ತಿಂಗಳು ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಮೊದಲೆರಡು ರಾತ್ರಿ ನಿದ್ದೆ ಬರುತ್ತದೆ ನಿಜ. ಬಿಟ್ಟ ರಾತ್ರಿ ಹೆದರಿಕೆ ಇಮ್ಮಡಿಯಾಗಿ ಮರಳುತ್ತದೆ, ಆಮೇಲೆ ಮಾತ್ರೆ ಬಿಡಲಾಗುವುದಿಲ್ಲ. ಮದ್ಯದ್ದೂ ಇದೇ ಕಥೆ. ‘ಒಂದು ಕ್ವಾರ್ಟರ್ ಹಾಕಿ ಮಲಗಲಿ ಬಿಡ್ರಿ’ ಎನ್ನುವ ಗೆಳೆಯರು ಕೆಟ್ಟವರಲ್ಲ, ಆದರೆ ಆ ನಿದ್ದೆ ನಡುರಾತ್ರಿ ಎರಡಕ್ಕೆ ಒಡೆಯುತ್ತದೆ.

ಟಿವಿ ಆರಿಸಿ. 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ನಡೆದ ಅಧ್ಯಯನದಲ್ಲಿ, ಆ ವಾರ ದಿನಕ್ಕೆ ಆರು ಗಂಟೆಗೂ ಹೆಚ್ಚು ಅದೇ ಸುದ್ದಿ ನೋಡಿದವರ ಒತ್ತಡ ಸ್ಥಳದಲ್ಲಿದ್ದವರಿಗಿಂತ ಹೆಚ್ಚಿತ್ತು. ಸ್ಥಳದಲ್ಲಿದ್ದು ಬಂದವನು ಮೇಲಿಂದ ಸುದ್ದಿಯನ್ನೂ ನೋಡುತ್ತ ಕೂತರೆ ಏನಾದೀತು ನೋಡಿ. ಬೆಳಿಗ್ಗೆ ಹತ್ತು ನಿಮಿಷ ಪತ್ರಿಕೆ ಓದಿದರೆ ಸಾಕು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬರುವ ವಿಡಿಯೊ ತಾನಾಗಿ ಡೌನ್‌ಲೋಡ್ ಆಗದಂತೆ ಸೆಟ್ಟಿಂಗ್ಸ್‌ನಲ್ಲಿ ಮನೆಯ ಹುಡುಗರು ಯಾರಾದರೂ ಬದಲಿಸಿಕೊಡಲಿ. ಇದಕ್ಕೆ ಒಂದು ನಿಮಿಷ ಹಿಡಿಯುತ್ತದೆ, ಬಹಳ ನೋವು ತಪ್ಪುತ್ತದೆ.

ಮಾತಾಡಿಸಲು ಬರುವವರು

ನಮ್ಮ ಊರುಗಳಲ್ಲಿ ದೊಡ್ಡ ಆಸರೆಯೂ ಇದೇ, ದೊಡ್ಡ ಕಾಟವೂ ಇದೇ. ಸುದ್ದಿ ಮುಟ್ಟಿದ ಮರುದಿನದಿಂದ ನೆಂಟರು, ಓಣಿಯವರು, ಹಳೆಯ ಮೇಷ್ಟ್ರು ಎಲ್ಲ ಬರುತ್ತಾರೆ. ಬಂದವರು ಕೇಳುವುದು ಒಂದೇ: ‘ಏನಾತಪ್ಪ, ಹೆಂಗಾತು, ಮೊದ್ಲಿಂದ ಹೇಳು.’ ದಿನಕ್ಕೆ ಎಂಟು ಸಲ ಅದೇ ರಕ್ತ, ಅದೇ ಕಿರುಚಾಟವನ್ನು ಹೇಳಬೇಕಾದವನ ಸ್ಥಿತಿ ಯೋಚಿಸಿ. ಆಘಾತವಾದ ಕೂಡಲೇ ಎಲ್ಲವನ್ನೂ ಒಂದೇ ಪಟ್ಟಿಗೆ ಹೇಳಿಸಿಬಿಟ್ಟರೆ ಎದೆ ಹಗುರಾಗುತ್ತದೆಂಬ ನಂಬಿಕೆ ಹಿಂದೆ ವೈದ್ಯರಲ್ಲೂ ಇತ್ತು. ಪರೀಕ್ಷಿಸಿ ನೋಡಿದಾಗ ಅದರಿಂದ ಲಾಭ ಕಾಣಲಿಲ್ಲ, ಕೆಲವರಿಗೆ ಹೆಚ್ಚು ತೊಂದರೆಯಾಯಿತು. ಆದ್ದರಿಂದ ಈಗ ಆ ಪದ್ಧತಿಯನ್ನು ಬೇಡವೆನ್ನುತ್ತಾರೆ. ತಾನಾಗಿ ಹೇಳಿದರೆ ಕೇಳಿ, ಕೆದಕಬೇಡಿ.

ಮೂರು ವಾಕ್ಯದ ಉತ್ತರವೊಂದನ್ನು ಮೊದಲೇ ಸಿದ್ಧ ಮಾಡಿಕೊಂಡು ಬಾಯಿಪಾಠ ಮಾಡಿ. ಏನಾಯಿತು ಎಂಬುದು ಒಂದು ವಾಕ್ಯ, ಈಗ ಹೇಗಿದ್ದೇನೆ ಎಂಬುದು ಒಂದು, ಮಾತು ಬೇರೆ ಕಡೆ ತಿರುಗಿಸಲು ಮತ್ತೊಂದು. ‘ಬಾಂಬ್ ಸಿಡೀತು ದೊಡ್ಡಪ್ಪ. ಕಿವಿಗೆ ಸ್ವಲ್ಪ ಪೆಟ್ಟಾಗೈತಿ, ಉಳಿದಂಗೆ ಆರಾಮದೀನಿ. ಆ ಮಾತು ಈಗ ಬ್ಯಾಡ, ನಿಮ್ ತ್ವಾಟದಾಗ ಬೋರು ಹೆಂಗೈತಿ ಹೇಳ್ರಿ.’ ಹಿರಿಯರ ಮುಂದೆ ಹೀಗೆನ್ನುವುದು ಒರಟಾಗುತ್ತದೆ ಎನಿಸಿದರೆ ಅಮ್ಮನೋ ಅಣ್ಣನೋ ಬಾಗಿಲಲ್ಲೇ ಬಂದವರಿಗೆ ಹೇಳಿ ಒಳಗೆ ಕರೆತರಲಿ. ಭೇಟಿಗೆ ಸಂಜೆ ಐದರಿಂದ ಆರೂವರೆ ಎಂದು ಒಂದು ಹೊತ್ತು ಗೊತ್ತುಮಾಡುವುದು ಇನ್ನೂ ಒಳ್ಳೆಯದು. ಕ್ಯಾಮೆರಾ ಹಿಡಿದು ಬರುವವರಿಗೆ ಮಾತಾಡಲೇಬೇಕೆಂಬ ಬದ್ಧತೆ ಯಾರಿಗೂ ಇಲ್ಲ.

ಬಂದವರು ನಿಜವಾಗಿ ಸಹಾಯ ಮಾಡಬೇಕೆಂದಿದ್ದರೆ ಕೆಲಸ ಕೇಳಲಿ. ಮಕ್ಕಳನ್ನು ಶಾಲೆಗೆ ಬಿಡುವುದು, ಪಡಿತರ ತರುವುದು, ಆಸ್ಪತ್ರೆಗೆ ಜೊತೆಗೆ ಹೋಗುವುದು. ತಾಯಿತ ಕಟ್ಟಿಸುವುದು, ದೃಷ್ಟಿ ತೆಗೆಯುವುದು ಮನೆಯವರಿಗೆ ಸಮಾಧಾನ ಕೊಡುವುದಾದರೆ ಕೊಡಲಿ, ಅದರಿಂದ ಕೇಡಿಲ್ಲ. ‘ಗಾಳಿ ಸೋಕಿದೆ’ ಎಂದು ಹೊಡೆದು ಬಡಿದು ಬಿಡಿಸುವ ಕಡೆಗೆ ಮಾತ್ರ ಕರೆದೊಯ್ಯಬೇಡಿ.

ಸದ್ದಿಗೆ ಬೆಚ್ಚುವುದನ್ನು ಬಿಡಿಸುವ ಬಗೆ

ಬೆಚ್ಚಿದ ಆ ಗಳಿಗೆಯಲ್ಲಿ ಮಾಡಬೇಕಾದ್ದು ಸರಳ. ಕಾಲ ಹೆಬ್ಬೆರಳನ್ನು ಚಪ್ಪಲಿಯ ಅಟ್ಟೆಗೆ ಬಲವಾಗಿ ಒತ್ತಿ. ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರನ್ನು ಮೆಲ್ಲಗೆ ಬಾಯಿಬಿಟ್ಟು ಹೇಳಿ: ತಕ್ಕಡಿ, ಬಿಲ್ ಪುಸ್ತಕ, ನೀಲಿ ಬಕೆಟ್, ಫ್ಯಾನು, ಕ್ಯಾಲೆಂಡರ್. ಆಮೇಲೆ ಮುಟ್ಟಬಹುದಾದ ನಾಲ್ಕು, ಕೇಳುವ ಮೂರು, ಮೂಗಿಗೆ ಬಡಿಯುವ ಎರಡು, ನಾಲಗೆಗೆ ಒಂದು. ಜೇಬಿನಲ್ಲಿ ನಾಲ್ಕು ಲವಂಗ ಇಟ್ಟುಕೊಂಡಿದ್ದರೆ ಕೊನೆಯ ಎರಡು ಲೆಕ್ಕಕ್ಕೂ ಆಯಿತು. ಕೊನೆಗೆ ಇಂದಿನ ತಾರೀಖು ಮತ್ತು ನಿಂತ ಜಾಗ: ‘ಇವತ್ತು ಗುರುವಾರ, ನಾನು ಚೌಕಿಪೇಟೆಯಲ್ಲಿದ್ದೀನಿ.’ ಹಳೆಯ ದಿನಕ್ಕೆ ಜಾರಿದ ಮನಸ್ಸನ್ನು ಈ ದಿನಕ್ಕೆ ಎಳೆದು ತರುವುದು ಈ ಮಾತೇ. ಉಸಿರಿನಲ್ಲಿ ಜನ ಮಾಡುವ ತಪ್ಪೊಂದಿದೆ. ‘ದೊಡ್ಡ ಉಸಿರು ತಗೋ’ ಎಂದರೆ ಎದೆ ತುಂಬ ಬೇಗಬೇಗ ಎಳೆದುಕೊಳ್ಳುತ್ತಾರೆ, ತಲೆ ತಿರುಗಿ ಬೆರಳು ಜುಮ್ಮೆನ್ನುತ್ತದೆ, ಹೃದಯಾಘಾತವೇ ಆಯಿತೆಂದು ಇನ್ನಷ್ಟು ಹೆದರುತ್ತಾರೆ. ಒಳಗೆಳೆಯುವಾಗ ನಾಲ್ಕು ಎಣಿಸಿ, ಹೊರಬಿಡುವಾಗ ಆರು ಎಣಿಸಿ. ಹೊರಬಿಡುವುದು ಉದ್ದವಾಗಿರಬೇಕು. ಐದು ನಿಮಿಷ. ಹೆದರಿಕೆ ಇಲ್ಲದ ಹೊತ್ತಿನಲ್ಲೂ ದಿನಕ್ಕೆರಡು ಸಲ ಮಾಡಿದ್ದರಷ್ಟೇ ಬೇಕಾದಾಗ ಕೈಗೆ ಬರುತ್ತದೆ.

ಇದು ಆ ಗಳಿಗೆಯನ್ನು ದಾಟಿಸುತ್ತದೆ. ಬೆಚ್ಚುವುದನ್ನೇ ತಗ್ಗಿಸಬೇಕಾದರೆ ಮೆಟ್ಟಿಲು ಕಟ್ಟಬೇಕು. ಬಟ್ಟೆ ಅಂಗಡಿಯ ಶಟರ್ ಸದ್ದನ್ನೇ ಉದಾಹರಣೆಯಾಗಿ ಹಿಡಿಯೋಣ.

1. ಹಗಲು ಹೊತ್ತು, ಮನೆಯಲ್ಲಿ, ಜೊತೆಗೊಬ್ಬರಿರುವಾಗ ಶಟರ್ ಸದ್ದಿನ ರೆಕಾರ್ಡಿಂಗನ್ನು ಮೊಬೈಲಿನಲ್ಲಿ ಸಣ್ಣಗೆ ಕೇಳುವುದು.
2. ಅದನ್ನೇ ಪೂರ್ತಿ ಸದ್ದಿನಲ್ಲಿ.
3. ಬೆಳಿಗ್ಗೆ ಗಿರಾಕಿ ಬರುವ ಮೊದಲು ಅಂಗಡಿಗೆ ಹೋಗಿ ತಾನೇ ಶಟರ್ ಹಿಡಿದು ಮೆಲ್ಲಗೆ ಇಳಿಸುವುದು.
4. ಕೊನೆಯ ಒಂದಡಿ ಕೈಬಿಟ್ಟು ಬೀಳಲು ಬಿಡುವುದು.
5. ಬೇರೆಯವರು ‘ಈಗ ಬಿಡ್ತೀನಿ’ ಎಂದು ಹೇಳಿ ಬಿಡುವುದು.
6. ಹೇಳದೆ ಬಿಡುವುದು, ಶಟರಿನತ್ತ ಮುಖ ಮಾಡಿ ನಿಂತಿರುವಾಗ.
7. ಬೆನ್ನು ಮಾಡಿ ನಿಂತಿರುವಾಗ.
8. ರಾತ್ರಿ ಒಂಬತ್ತಕ್ಕೆ ಮಂಡಿಪೇಟೆಯಲ್ಲಿ ಒಂದು ಸುತ್ತು ನಡೆಯುವುದು.

ಪ್ರತಿ ಮೆಟ್ಟಿಲಲ್ಲೂ ಹೆದರಿಕೆಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು ಪುಸ್ತಕದಲ್ಲಿ ಬರೆಯಿರಿ. ಏಳು ಇದ್ದದ್ದು ಮೂರೂವರೆಗೆ ಇಳಿಯುವವರೆಗೆ ಅಲ್ಲೇ ಇರಬೇಕು, ಸಾಮಾನ್ಯವಾಗಿ ಅರ್ಧ ಮುಕ್ಕಾಲು ಗಂಟೆ ಹಿಡಿಯುತ್ತದೆ. ಅದೇ ಮೆಟ್ಟಿಲನ್ನು ಮೂರು ನಾಲ್ಕು ದಿನ ಮಾಡಿ, ಶುರುವಿನಲ್ಲೇ ಅಂಕ ಕಡಿಮೆ ಬಂದ ಮೇಲೆ ಮುಂದಿನದಕ್ಕೆ ಹೋಗಿ. ಕೆಡುವುದು ಎಲ್ಲಿ ಎಂದರೆ, ಹೆದರಿಕೆ ತುದಿಗೇರಿದಾಗ ಎದ್ದು ಓಡಿಬಿಡುವುದರಲ್ಲಿ. ಓಡಿದ್ದರಿಂದಲೇ ಉಳಿದೆ ಎಂದು ಬತೇರಿಯ ಕಾವಲುಗಾರ ಬರೆದುಕೊಳ್ಳುತ್ತಾನೆ, ಮರುದಿನ ಅಂಕ ಎಂಟಕ್ಕೆ ಏರಿರುತ್ತದೆ. ಮೆಟ್ಟಿಲು ಎತ್ತರವಾಯಿತೆನಿಸಿದರೆ ನಡುವೆ ಇನ್ನೊಂದು ಸೇರಿಸಿ. ಕಿವಿಗೆ ಹತ್ತಿ ತುರುಕಿಕೊಂಡು ಮಾಡಿದ್ದು ಲೆಕ್ಕಕ್ಕಿಲ್ಲ. ಕಿವಿಯ ತಮಟೆ ಇನ್ನೂ ಮಾಯದಿದ್ದರೆ ಮಾತ್ರ ವೈದ್ಯರು ಹೇಳುವವರೆಗೆ ಕಾಯಿರಿ. ಇನ್ನೊಂದು ಎಚ್ಚರ: ಶಟರ್, ಬಸ್ಸು, ಸಂತೆಯಂಥ ಅಪಾಯವಿಲ್ಲದ ಸಂಗತಿಗಳಿಗಷ್ಟೇ ಈ ಮೆಟ್ಟಿಲು. ದಾಳಿಯ ನೆನಪನ್ನೇ ಮೊದಲಿಂದ ಕೊನೆವರೆಗೆ ಕೆದಕುವ ಚಿಕಿತ್ಸೆ ತರಬೇತಾದವರ ಎದುರೇ ಆಗಬೇಕು.

ಕಲ್ಲು ಕ್ವಾರಿ, ಗಣಿಗಳ ಪಕ್ಕದ ಚಿತ್ರದುರ್ಗದ ಹಳ್ಳಿಗಳಲ್ಲಿ ಬಂಡೆ ಸಿಡಿಸುವ ಸದ್ದಿನಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ, ನೆಲವೂ ನಡುಗುತ್ತದೆ. ಸಿಡಿಸುವ ಹೊತ್ತನ್ನು ಅಲ್ಲಿನ ಮೇಸ್ತ್ರಿಯಿಂದ ಕೇಳಿ ತಿಳಿದುಕೊಳ್ಳಿ. ಮೊದಲು ಸೈರನ್ ಕೂಗುತ್ತದೆ. ಸೈರನ್ ಕೇಳಿದ ಕೂಡಲೇ ಒಳಗೆ ಓಡಿ ಕದ ಹಾಕಿಕೊಳ್ಳದೆ, ಜಗಲಿಯ ಮೇಲೆ ಕೂತು ಎರಡೂ ಪಾದ ನೆಲಕ್ಕೂರಿ, ಉಸಿರು ಎಣಿಸುತ್ತ ಸದ್ದಿಗೆ ಕಾಯುವುದು ಒಂದು ಒಳ್ಳೆಯ ಮೆಟ್ಟಿಲು. ದೀಪಾವಳಿಗೆ ಎರಡು ವಾರ ಮೊದಲೇ ಪಟಾಕಿ ಸದ್ದಿನ ರೆಕಾರ್ಡಿಂಗಿನಿಂದ ಶುರುಮಾಡಿ. ಮೊದಲ ವರ್ಷ ಹಬ್ಬದ ಮೂರು ದಿನ ಸದ್ದಿಲ್ಲದ ಹಳ್ಳಿಯ ನೆಂಟರ ಮನೆಗೆ ಹೋದರೆ ಸೋತಂತಾಗುವುದಿಲ್ಲ. ಆದರೆ ಪ್ರತಿ ವರ್ಷವೂ ಹೋಗುವಂತಾದರೆ ಹೆದರಿಕೆ ಮನೆ ಮಾಡಿಕೊಂಡಿತೆಂದೇ ಲೆಕ್ಕ.

ಇನ್ನೊಂದನ್ನು ಮುಚ್ಚಿಡದೆ ಹೇಳಬೇಕು. ದಾಳಿ ಮಾಡಿದವನ ಉಡುಪು, ಗಡ್ಡ, ಭಾಷೆ ನೆನಪಿಗಂಟಿಕೊಂಡು, ದಿನವೂ ನೋಡುವ ನೆರೆಯವರನ್ನೋ ಜೊತೆ ಕೆಲಸಗಾರರನ್ನೋ ಕಂಡು ಎದೆ ಹೊಡೆದುಕೊಳ್ಳಬಹುದು. ಅದೂ ಶಟರ್ ಸದ್ದಿನಂಥದ್ದೇ ಸುಳ್ಳು ನಗಾರಿ. ಅದನ್ನು ಅಭಿಪ್ರಾಯವನ್ನಾಗಿ ಬೆಳೆಯಲು ಬಿಡಬೇಡಿ. ಪರಿಚಯದ ಒಬ್ಬರೊಂದಿಗೆ ಒಂದು ಲೋಟ ಚಹಾ ಕುಡಿಯುವುದರಿಂದ ಮೆಟ್ಟಿಲು ಶುರುವಾಗಲಿ. ಆ ಸಮುದಾಯದವರೇ ಬದುಕುಳಿದವರಾಗಿದ್ದರೆ ಅವರ ಮೇಲೆ ಎರಡು ಹೊರೆ, ನೋವು ಮತ್ತು ಅನುಮಾನ. ಅವರನ್ನು ಮೊದಲು ಮಾತಾಡಿಸಿ.

ರಾತ್ರಿ

ಮಲಗುವ ಹೊತ್ತು ಹೇಗಾದರೂ ಇರಲಿ, ಏಳುವ ಹೊತ್ತು ಒಂದೇ ಇರಲಿ. ಮಧ್ಯಾಹ್ನ ಎರಡರ ಮೇಲೆ ಕಾಫಿ, ಚಹಾ ಬೇಡ. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹಾಸಿಗೆಯಿಂದ ಎದ್ದು ಮಂದ ಬೆಳಕಿನಲ್ಲಿ ಅವರೆಕಾಯಿ ಬಿಡಿಸುವಂಥ ಕೈಕೆಲಸ ಏನಾದರೂ ಮಾಡಿ, ಕಣ್ಣು ಎಳೆದಾಗ ಮತ್ತೆ ಮಲಗಿ. ಅದೇ ಕನಸು ಮರಳಿ ಮರಳಿ ಬಂದರೆ ಹಗಲಿನಲ್ಲಿ ಅದನ್ನು ಬರೆದು, ಕೊನೆಯನ್ನು ನಿಮಗೆ ಬೇಕಾದಂತೆ ಬದಲಿಸಿ, ಬದಲಾದ ಕನಸನ್ನು ದಿನಕ್ಕೆ ಹತ್ತು ಹದಿನೈದು ನಿಮಿಷ ಕಣ್ಮುಚ್ಚಿ ನೋಡಿ. ಕೆಲವು ವಾರ ಬಿಡದೆ ಮಾಡಿದರೆ ಎಷ್ಟೋ ಜನರಿಗೆ ಕನಸಿನ ಹಲ್ಲು ಮುರಿಯುತ್ತದೆ.

ಕೆಲಸಕ್ಕೆ ಮರಳುವುದು

ಎರಡು ತಪ್ಪುಗಳಾಗುತ್ತವೆ. ಮೂರನೇ ದಿನವೇ ‘ಏನೂ ಆಗಿಲ್ಲ’ ಎಂದು ಪೂರ್ತಿ ಪಾಳಿಗೆ ಹಾಜರಾಗಿ, ಹತ್ತನೇ ದಿನ ಕುಸಿಯುವುದು ಒಂದು. ‘ಪೂರ್ತಿ ಹುಷಾರಾದ ಮೇಲೆ ಹೋಗ್ತೀನಿ’ ಎಂದು ತಿಂಗಳುಗಟ್ಟಲೆ ಕೋಣೆಯಲ್ಲಿ ಉಳಿಯುವುದು ಇನ್ನೊಂದು. ಎರಡನೆಯದು ಹೆಚ್ಚು ಕೆಟ್ಟದ್ದು, ಏಕೆಂದರೆ ದಿನ ಕಳೆದಂತೆ ಹೊಸಿಲು ಎತ್ತರವಾಗುತ್ತ ಹೋಗುತ್ತದೆ. ಗಾಯವಿಲ್ಲದವರು ಒಂದೆರಡು ವಾರ ಸುಧಾರಿಸಿಕೊಂಡು ಅರೆದಿನದಿಂದ ಶುರುಮಾಡುವುದು ಒಳ್ಳೆಯದೆಂಬುದು ನಮ್ಮ ಅಭಿಪ್ರಾಯ.

ಮೊದಲ ದಿನ ಕೆಲಸ ಮಾಡಲು ಹೋಗಬೇಡಿ. ಊಟದ ಹೊತ್ತಿಗೆ ಹೋಗಿ, ಒಂದು ಗಂಟೆ ಕೂತು, ಎಲ್ಲರ ‘ಹೆಂಗದೀರಿ’ಗಳನ್ನು ಮುಗಿಸಿ ಬನ್ನಿ. ಇಲ್ಲದಿದ್ದರೆ ನಿಜವಾದ ಮೊದಲ ದಿನ ಪೂರ್ತಿ ಅದರಲ್ಲೇ ಕಳೆಯುತ್ತದೆ. ಮುಂದಿನ ಎರಡು ವಾರ ಮೂರು ಗಂಟೆ, ಆಮೇಲೆರಡು ವಾರ ಐದೂವರೆ ಗಂಟೆ, ಐದನೇ ವಾರ ಪೂರ್ತಿ. ಒಂದೂವರೆ ಗಂಟೆಗೊಮ್ಮೆ ಹತ್ತು ನಿಮಿಷ ಎದ್ದು ಹೊರಗೆ ಹೋಗಿ ಬನ್ನಿ. ಬಾಗಿಲು ಕಾಣುವಂತೆ, ಬೆನ್ನಿಗೆ ಗೋಡೆ ಇರುವಂತೆ ಕುರ್ಚಿ ಹಾಕಿಸಿಕೊಳ್ಳಿ. ಇದು ಸಣ್ಣ ಸಂಗತಿ ಎನಿಸಬಹುದು, ದಿನವಿಡೀ ತಿರುತಿರುಗಿ ನೋಡುವ ದಣಿವು ತಪ್ಪುತ್ತದೆ. ಎರಡು ಮೂರು ತಿಂಗಳ ಮೇಲೆ ಕುರ್ಚಿಯನ್ನು ಮತ್ತೆ ಹಳೆಯ ಜಾಗಕ್ಕೆ ತರಬೇಕು.

ನೆನಪು, ಗಮನ ಎರಡೂ ಕೆಲಕಾಲ ಕೈಕೊಡುತ್ತವೆ. ಒಂದೇ ಸಾಲನ್ನು ನಾಲ್ಕು ಸಲ ಓದುವುದು, ಹಣ ಎಣಿಸುವಾಗ ಲೆಕ್ಕ ತಪ್ಪುವುದು ಸಾಮಾನ್ಯ. ಮಾಡಬೇಕಾದ್ದನ್ನು ಚೀಟಿಯಲ್ಲಿ ಬರೆದು ಮುಗಿದಂತೆ ಗೀಟು ಹೊಡೆಯಿರಿ. ಬ್ಯಾಂಕಿನ ಕ್ಯಾಶ್ ಕೌಂಟರ್, ಎಪಿಎಂಸಿ ಮಂಡಿಯ ತೂಕ ಮತ್ತು ಲೆಕ್ಕ, ಔಷಧ ಕೊಡುವುದು ಇಂಥ ಕೆಲಸಗಳಲ್ಲಿ ಮೊದಲ ತಿಂಗಳು ಇನ್ನೊಬ್ಬರು ಮರುಪರಿಶೀಲಿಸಲಿ. ಬಸ್ಸು, ಲಾರಿ ಚಾಲಕರು, ಮಿಲ್ಲಿನ ಯಂತ್ರ, ಬಾಯ್ಲರ್ ನೋಡಿಕೊಳ್ಳುವವರು ರಾತ್ರಿ ಐದು ತಾಸಿನಷ್ಟಾದರೂ ನಿದ್ದೆ ಬಾರದ ದಿನ, ಮಂಪರು ಬರಿಸುವ ಮಾತ್ರೆ ನುಂಗಿದ ದಿನ, ಅಥವಾ ನಡುನಡುವೆ ಮನಸ್ಸು ದಾಳಿಯ ಜಾಗಕ್ಕೆ ಹೋಗಿ ಬರುತ್ತಿರುವ ದಿನ ಚಕ್ರ ಹಿಡಿಯಲೇಬಾರದು.

ಮಂಡಕ್ಕಿ ಭಟ್ಟಿಯ ಕೆಲಸಗಾರರ ಕಷ್ಟವೇ ಬೇರೆ. ಕಾದ ಮರಳಿನಲ್ಲಿ ಅಕ್ಕಿ ಚಟಪಟ ಸಿಡಿಯುವ ಸದ್ದು, ಮುಖಕ್ಕೆ ಹೊಡೆಯುವ ಕಾವು, ಹೊಗೆ ಮೂರೂ ಒಟ್ಟಿಗೆ ಬಂದು ಸ್ಫೋಟದ ಜಾಗವನ್ನೇ ಕಣ್ಣ ಮುಂದೆ ನಿಲ್ಲಿಸಿಬಿಡುತ್ತವೆ. ಮೊದಲು ಹೊರಗೆ ಚೀಲ ತುಂಬುವ, ಹೊಲಿಯುವ ಕೆಲಸ, ಎರಡನೇ ವಾರ ಜರಡಿ ಹಿಡಿಯುವುದು, ಮೂರನೇ ವಾರ ಭಟ್ಟಿಯ ಬಾಯಿ, ಅದೂ ಜೊತೆಗಾರನೊಂದಿಗೆ. ದಿನಗೂಲಿಯವರಿಗೆ ಅರೆದಿನವೆಂದರೆ ಅರೆಗೂಲಿ. ಇದನ್ನು ಮಾಲೀಕರು ಮನಸ್ಸಿಟ್ಟು ಯೋಚಿಸಬೇಕು: ಒಂದು ತಿಂಗಳ ಅರೆಗೂಲಿಯನ್ನು ತುಂಬಿಕೊಟ್ಟರೆ ಪಳಗಿದ ಕೈಯೊಂದು ಉಳಿಯುತ್ತದೆ. ರೈತರಿಗೆ ರಜೆ ಬರೆದುಕೊಡುವವರಿಲ್ಲ. ರಾತ್ರಿ ಮೂರು ಫೇಸ್ ಕರೆಂಟ್ ಬಂದಾಗ ಒಬ್ಬರೇ ಪಂಪ್‌ಸೆಟ್ಟಿಗೆ ಹೋಗುವುದನ್ನು ಕೆಲವು ವಾರ ಅಣ್ಣತಮ್ಮಂದಿರು, ಅಕ್ಕಪಕ್ಕದ ಹೊಲದವರು ಹಂಚಿಕೊಳ್ಳಲಿ.

ಕಚೇರಿಗೆ ಹೀಗೊಂದು ಪತ್ರ ಕೊಡಬಹುದು:

‘ಮಾನ್ಯರೆ, ದಿನಾಂಕ ____ರಂದು ____ಯಲ್ಲಿ ನಡೆದ ದಾಳಿಯ ಸ್ಥಳದಲ್ಲಿ ನಾನಿದ್ದೆ. ವೈದ್ಯರ ಸಲಹೆಯಂತೆ ದಿನಾಂಕ ____ರಿಂದ ಕೆಲಸಕ್ಕೆ ಹಾಜರಾಗುತ್ತೇನೆ. ಮೊದಲ ಎರಡು ವಾರ ಬೆಳಿಗ್ಗೆ 10ರಿಂದ 1ರವರೆಗೆ, ನಂತರದ ಎರಡು ವಾರ 10ರಿಂದ 3.30ರವರೆಗೆ ಕೆಲಸ ಮಾಡಲು ಅವಕಾಶ ಕೋರುತ್ತೇನೆ. ಈ ಅವಧಿಯಲ್ಲಿ ರಾತ್ರಿ ಪಾಳಿಯಿಂದ ವಿನಾಯಿತಿ ನೀಡಬೇಕು. ನಾಲ್ಕನೇ ವಾರದ ಕೊನೆಗೆ ಒಟ್ಟಿಗೆ ಕೂತು ಪರಿಶೀಲಿಸೋಣ. ವೈದ್ಯಕೀಯ ಪ್ರಮಾಣಪತ್ರ ಲಗತ್ತಿಸಿದೆ. ಇದರ ವಿವರ ನಿಮ್ಮಲ್ಲೇ ಉಳಿಯಲೆಂದು ವಿನಂತಿ.’

ಇದರಲ್ಲಿ ಮುಖ್ಯವಾದದ್ದು ತಾರೀಖುಗಳು. ‘ಸ್ವಲ್ಪ ದಿನ ಹಗುರ ಕೆಲಸ ಕೊಡಿ’ ಎಂದು ಬಾಯಿಮಾತಲ್ಲಿ ಕೇಳಿದರೆ ಮೇಲಧಿಕಾರಿಗೂ ಎಷ್ಟು ದಿನವೆಂದು ತಿಳಿಯುವುದಿಲ್ಲ, ಸಹೋದ್ಯೋಗಿಗಳಲ್ಲಿ ಗೊಣಗಾಟ ಹುಟ್ಟುತ್ತದೆ. ಸರ್ಕಾರಿ ನೌಕರರು ವೈದ್ಯಕೀಯ ಪ್ರಮಾಣಪತ್ರದ ಮೇಲೆ ಅರ್ಧ ವೇತನ ರಜೆಯನ್ನು ಪರಿವರ್ತಿತ ರಜೆಯಾಗಿ ಪಡೆಯಬಹುದು, ಎರಡು ದಿನದ ಅರ್ಧ ವೇತನ ರಜೆಗೆ ಪೂರ್ಣ ವೇತನದ ಒಂದು ದಿನ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇರುವವರಿಗೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ 70ರಷ್ಟು ಕಾಯಿಲೆ ಭತ್ಯೆ ಸಿಗುತ್ತದೆ, ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಸರ್ಕಾರಿ ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದರೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಅದು. ಕಿವುಡು, ಮಾನಸಿಕ ಕಾಯಿಲೆ ಎರಡೂ ಆ ಕಾಯ್ದೆಯೊಳಗೆ ಬರುತ್ತವೆ.

ಜೊತೆ ಕೆಲಸ ಮಾಡುವವರಿಗೆ ಎರಡು ಮಾತು. ಹಿಂದಿನಿಂದ ಬಂದು ಹೆಗಲು ಮುಟ್ಟಬೇಡಿ, ಎದುರಿನಿಂದ ಬಂದು ಹೆಸರು ಹಿಡಿದು ಕರೆಯಿರಿ. ಅವರು ಎದ್ದು ಹೊರಗೆ ಹೋದರೆ ಗುಂಪಾಗಿ ಹಿಂದೆ ಹೋಗಬೇಡಿ, ಮೊದಲೇ ಗೊತ್ತುಮಾಡಿಕೊಂಡ ಒಬ್ಬರು ಮಾತ್ರ ಹೋಗಲಿ.

ತಾನು ಉಳಿದದ್ದೇ ತಪ್ಪೆನಿಸಿದಾಗ

‘ನಾನ್ಯಾಕೆ ಉಳಿದೆ, ಅವನ ಕೈ ಬಿಟ್ಟೆ, ಆ ದಿನ ಅಲ್ಲಿಗೆ ಹೋಗೋಣ ಅಂದವಳೇ ನಾನು.’ ಈ ಮಾತು ಬಂದಾಗ ‘ಹಂಗೆಲ್ಲ ಅನ್ಕೋಬಾರ್ದು’ ಎಂದು ಬಾಯಿ ಮುಚ್ಚಿಸಿದರೆ ಅದು ಒಳಗೇ ಕೊಳೆಯುತ್ತದೆ. ಒಂದು ಹಾಳೆಯ ಮೇಲೆ ರೊಟ್ಟಿಯಷ್ಟು ದೊಡ್ಡ ವೃತ್ತ ಬರೆಯಿರಿ. ಆ ಸಾವಿಗೆ ಕಾರಣರಾದವರಿಗೆಲ್ಲ ಒಂದೊಂದು ತುಂಡು ಹಂಚಿ: ಗುಂಡು ಹಾರಿಸಿದವನು, ಅವನನ್ನು ಕಳಿಸಿದವರು, ಬಂದೂಕು ಕೊಟ್ಟವರು, ಹಣ ಕೊಟ್ಟವರು, ಕಾವಲಿನ ಲೋಪವಿದ್ದರೆ ಅದು. ನಿಮ್ಮ ತುಂಡನ್ನು ಕಟ್ಟಕಡೆಗೆ ಕತ್ತರಿಸಿ. ಮೊದಲೇ ನಿಮ್ಮ ಹೆಸರು ಬರೆದರೆ ಅರ್ಧ ರೊಟ್ಟಿ ನೀವೇ ತೆಗೆದುಕೊಂಡುಬಿಡುತ್ತೀರಿ. ಕೊನೆಗೆ ಬರೆದರೆ ಎಷ್ಟು ಉಳಿಯಿತೆಂದು ಕಣ್ಣಿಗೇ ಕಾಣುತ್ತದೆ. ಆ ಹಾಳೆಯನ್ನು ಇಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಬದುಕೇ ಬೇಡವೆಂಬ ಮಾತು ಬಂದರೆ ನೇರವಾಗಿ ಕೇಳಿ: ‘ಸಾಯಬೇಕು ಅನ್ನಿಸ್ತಿದೆಯಾ?’ ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅಂದೇ ಮನೆಯಲ್ಲಿನ, ತೋಟದ ಶೆಡ್ಡಿನಲ್ಲಿನ ಕೀಟನಾಶಕ, ಕಳೆನಾಶಕದ ಡಬ್ಬಿಗಳನ್ನು ಬೇರೆಯವರ ಮನೆಗೆ ಸಾಗಿಸಿ, ಒಬ್ಬರೇ ಇರಲು ಬಿಡಬೇಡಿ, ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕೈಮೀರಿದರೆ 108 ಅಥವಾ 112.

ಒಂದು ತಿಂಗಳಾದ ಮೇಲೆ

ಐದು ಪ್ರಶ್ನೆ ಕೇಳಿಕೊಳ್ಳಿ. ಬೇಡವೆಂದರೂ ಆ ನೆನಪು, ಆ ಕನಸು ಬರುತ್ತಿದೆಯೇ? ಅದನ್ನು ನೆನಪಿಸುವ ಜಾಗ, ಮಾತುಗಳಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದೀರಾ? ಸದಾ ಕಾವಲು ಕಾಯುವಂತೆ, ಸುಮ್ಮನೆ ಬೆಚ್ಚುವಂತೆ ಇದ್ದೀರಾ? ಮನೆಯವರು, ಕೆಲಸ, ಸುತ್ತಲಿನ ಯಾವುದೂ ತಾಕದಂತೆ ಮರಗಟ್ಟಿದ್ದೀರಾ? ಆದದ್ದಕ್ಕೆ ನಿಮ್ಮನ್ನೋ ಇನ್ನೊಬ್ಬರನ್ನೋ ದೂಷಿಸುವುದು ನಿಲ್ಲುತ್ತಿಲ್ಲವೇ? ಮೂರಕ್ಕೆ ಹೌದೆಂದಾದರೆ ಮನೋವೈದ್ಯರನ್ನು ಕಾಣಲೇಬೇಕು.

14416 ಟೆಲಿ ಮಾನಸ್, 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎದುರೆದುರು ಕಾಣಲು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗಕ್ಕೆ ಹೋಗಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಯುತ್ತದೆ. ಹೊರಡುವ ಮುನ್ನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಹೆಚ್ಚಿನದಕ್ಕೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟರಿಂದ ಹನ್ನೆರಡು ಭೇಟಿ ಹಿಡಿಯುತ್ತದೆ. ಮೂರು ನಾಲ್ಕನೇ ಭೇಟಿಯ ಹೊತ್ತಿಗೆ ನೆನಪುಗಳು ಕೆದರಿ ಹೆಚ್ಚಾದಂತೆನಿಸುತ್ತದೆ, ಬಹಳ ಜನ ಅಲ್ಲೇ ಬಿಟ್ಟುಬಿಡುತ್ತಾರೆ. ಬಿಡಬೇಡಿ, ಹಾಗಾಗುತ್ತಿದೆ ಎಂದು ವೈದ್ಯರಿಗೇ ಹೇಳಿ. ಸರ್ಟ್ರಾಲೀನ್‌ನಂಥ ಮಾತ್ರೆ ಕೊಟ್ಟರೆ ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು, ತಾವಾಗಿ ಒಮ್ಮೆಲೇ ನಿಲ್ಲಿಸಬಾರದು. ಇದು ‘ಹುಚ್ಚಿನ ಮಾತ್ರೆ’ ಅಲ್ಲವೆಂದು ಮನೆಯ ಹಿರಿಯರಿಗೆ ಮೊದಲೇ ತಿಳಿಸಿಡಿ.

ಮಕ್ಕಳು ಮಾತಿನಲ್ಲಿ ಹೇಳುವುದಿಲ್ಲ. ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗಬಹುದು, ಅದೇ ದಾಳಿಯನ್ನು ಆಟವಾಗಿ ಆಡಬಹುದು. ಗದರಬೇಡಿ. ಕೇಳಿದ್ದಕ್ಕೆ ಸುಳ್ಳಿಲ್ಲದ ಚಿಕ್ಕ ಉತ್ತರ ಕೊಡಿ, ಶಾಲೆಗೆ ಬೇಗ ಕಳಿಸಿ.

ಕಾಗದಪತ್ರ, ಹೇಳಿಕೆ, ತಾರೀಖು

ಒಂದು ಫೈಲು ಮಾಡಿ: ಎಫ್‌ಐಆರ್ ಸಂಖ್ಯೆ, ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಶ್ರವಣ ಪರೀಕ್ಷೆ, ಮನೋವೈದ್ಯರ ಚೀಟಿ, ಬಸ್ಸು ರೈಲಿನ ಟಿಕೆಟು. ಉಗ್ರರ ದಾಳಿಯಲ್ಲಿ ಸತ್ತವರ ಕುಟುಂಬಕ್ಕೆ, ಶೇ 50ಕ್ಕೆ ಕಡಿಮೆಯಿಲ್ಲದ ಶಾಶ್ವತ ಅಂಗವೈಕಲ್ಯ ಬಂದವರಿಗೆ ಕೇಂದ್ರದ ಯೋಜನೆಯಲ್ಲಿ 5 ಲಕ್ಷ ರೂಪಾಯಿ ನೆರವಿದೆ. ಅರ್ಜಿ ಜಿಲ್ಲಾಧಿಕಾರಿಗಳ ಮೂಲಕ ಸಾಗುತ್ತದೆ. ಸಂತ್ರಸ್ತರ ಪರಿಹಾರ ಯೋಜನೆಯ ಅರ್ಜಿಗೂ, ಉಚಿತ ವಕೀಲರಿಗೂ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಸಹಾಯವಾಣಿ 15100. ಆರೋಗ್ಯ ವಿಮೆ ಇದ್ದರೆ ಮನಸ್ಸಿನ ಕಾಯಿಲೆಗೂ ಮೈಯ ಕಾಯಿಲೆಯಂತೆಯೇ ವಿಮೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ‘ಇದಕ್ಕೆ ಬರಲ್ಲ’ ಎಂಬ ಬಾಯಿಮಾತಿಗೆ ಸುಮ್ಮನಾಗದೆ ಲಿಖಿತ ಉತ್ತರ ಕೇಳಿ.

ತನಿಖೆಯವರಿಗೆ ಹೇಳಿಕೆ ಕೊಡುವ ಮೊದಲು ನೆನಪಿರುವಷ್ಟನ್ನು ಒಮ್ಮೆ ಬರೆದು ತಾರೀಖು ಹಾಕಿ. ಆಘಾತದ ನೆನಪು ತುಂಡುತುಂಡಾಗಿರುತ್ತದೆ, ಹಿಂದು ಮುಂದಾಗಿರುತ್ತದೆ. ಟಿವಿಯಲ್ಲಿ ನೋಡಿದ್ದರಿಂದ ಆ ತೂತುಗಳನ್ನು ತುಂಬಬೇಡಿ. ‘ನೆನಪಿಲ್ಲ’ ಎಂಬುದೂ ಸತ್ಯವಾದ ಉತ್ತರವೇ. ಮಹಿಳೆಯರು, 15ರ ಒಳಗಿನವರು, 60 ದಾಟಿದವರು, ತೀವ್ರ ಕಾಯಿಲೆಯಲ್ಲಿರುವವರು ಹೇಳಿಕೆಗಾಗಿ ಠಾಣೆಗೆ ಹೋಗಬೇಕಿಲ್ಲ, ಪೊಲೀಸರೇ ಮನೆಗೆ ಬರಬೇಕು.

ದಾಳಿ ನಡೆದ ತಾರೀಖು ಪ್ರತಿ ವರ್ಷ ಬರುತ್ತದೆ. ಹತ್ತಿರ ಬಂದಂತೆ ನಿದ್ದೆ ಕೆಡುತ್ತದೆ, ಕಾರಣ ತಿಳಿಯದೆ ಮನೆಯಲ್ಲಿ ಜಗಳಗಳಾಗುತ್ತವೆ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ವಾರ ಮೊದಲೇ ಗುರುತು ಹಾಕಿ ರಜೆ ಬರೆದುಕೊಡಿ. ಅಂದು ಟಿವಿ ಬೇಡ. ಸತ್ತವರ ಹೆಸರಲ್ಲಿ ದೀಪ ಹಚ್ಚುವುದಿದ್ದರೆ, ಯಾರಿಗಾದರೂ ಊಟ ಹಾಕುವುದಿದ್ದರೆ ಬೆಳಿಗ್ಗೆಯೇ ಮಾಡಿ. ಸಂಜೆ ಒಬ್ಬರನ್ನು ಜೊತೆ ಮಾಡಿಕೊಂಡು ಕುಂದುವಾಡ ಕೆರೆಯ ಏರಿಯ ಮೇಲೋ ಚಂದ್ರವಳ್ಳಿಯ ಕಡೆಗೋ ನಡೆದು ಬನ್ನಿ. ಮರುದಿನ ಎಂದಿನ ಹೊತ್ತಿಗೇ ಅಂಗಡಿಯ ಶಟರ್ ಎತ್ತಿ.